ಯಾರೂ ಬಿಟ್ಟುಕೊಡದ ಓಟ

ಅಂಬಡ್, ನಾಸಿಕ
೨೦ ಜನವರಿ ೨೦೨೫, ಸೋಮವಾರ

ಮಗನೇ ವೈಜನಾಥ,

ನಿನ್ನ ಅವ್ವನ ಆಶೀರ್ವಾದ. ಬೆನ್ನುನೋವು ಹೇಗಿದೆ? ಸಂಭಾಜಿನಗರದ ಮೆಸ್ಸಿನ ಊಟ ಹೊಟ್ಟೆಗೆ ಹಿಡಿಸುತ್ತಿದೆಯೋ, ಇನ್ನೂ ಬರೀ ಚಹಾ ಕುಡಿದು ದಿನ ತೆಗೆಯುತ್ತೀಯೋ? ನಾವು ಇಲ್ಲಿ ಕ್ಷೇಮ. ಚಳಿಗೆ ನನ್ನ ಮೊಣಕಾಲು ಜಗ್ಗುತ್ತದೆ, ಅಷ್ಟೇ. ಸೊಸೆ ಭಾಗ್ಯಶ್ರೀ ಮೊದಲ ಪಾಳಿಗೆ ಹೋಗಿದ್ದಾಳೆ. ಫೋನಿನಲ್ಲಿ ನೀನು ಎರಡು ಮಾತಾಡಿ ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಸುದ್ದಿ ನಿನ್ನ ಮಗಳದು. ಕಣ್ಣು ಹೋದಾಗಿನಿಂದ ಬಾಗಿಲ ಹೊಸ್ತಿಲು ದಾಟಲೂ ನನ್ನ ಸೆರಗು ಹಿಡಿಯುತ್ತಿದ್ದ ನಮ್ಮ ಅಶ್ವಿನಿ, ನಿನ್ನೆ ಗೋದಾವರಿ ಬದಿಯ ರಸ್ತೆಯಲ್ಲಿ ಸಾವಿರಾರು ಜನರ ನಡುವೆ ಓಡಿದಳು. ಹೌದು, ಓಡಿದಳು. ಅವಳು ಹೋಗುವ ಕಂಪ್ಯೂಟರ್ ಕ್ಲಾಸಿಗೆ ಅಲಕಾ ಎಂಬ ಪಿ.ಟಿ. ಟೀಚರ್ ಬಂದು, ಊರಿನಲ್ಲಿ ಎಲ್ಲರಿಗೂ ಸೇರಿ ಒಂದು ಓಟ ಇದೆ, ಕಾಲಿಲ್ಲದವರು, ಕಿವಿ ಕೇಳದವರು, ಕಣ್ಣು ಕಾಣದವರು ಯಾರು ಬೇಕಾದರೂ ಬರಬಹುದು ಅಂದಳಂತೆ. ನನಗೆ ಆಗಲೇ ಅನುಮಾನ. ಸುಮ್ಮನೆ ಯಾರು ಕರೆಯುತ್ತಾರೆ? ಹೋದ ವರ್ಷ ಆ ಕ್ಲಬ್ಬಿನವರು ಕಂಬಳಿ ಕೊಡುತ್ತೇವೆಂದು ಕರೆದು ಏನು ಮಾಡಿದರು ನೆನಪಿದೆಯಲ್ಲ. ಒಂದು ಕಂಬಳಿಗೆ ಊರ ಹಿರಿಯರೆಲ್ಲ ಕೈ ಹಚ್ಚಿ ಫೋಟೋ ತೆಗೆಸಿಕೊಂಡರು. ಹುಡುಗಿಯ ಮುಖವೇ ಅದರಲ್ಲಿ ಕಾಣಲಿಲ್ಲ.

ಅಲಕಾ ಮನೆಗೆ ಬಂದಾಗ ನೆಟ್ಟಗೆ ಕೇಳಿದೆ, ಇದರಲ್ಲಿ ನಿಮಗೇನು ಲಾಭ ಎಂದು. ಬೇಸರ ಮಾಡಿಕೊಳ್ಳಲಿಲ್ಲ. ಒಬ್ಬಳೇ ಆದರೆ ಬೆಳಿಗ್ಗೆ ಏಳಲು ಸೋಮಾರಿತನ, ಜೊತೆಗೆ ಯಾರಾದರೂ ಕಾಯುತ್ತಿದ್ದರೆ ಎದ್ದೇಳುತ್ತೇನೆ ಆಜಿ ಅಂದಳು. ಉತ್ತರ ನಯವಾಗಿತ್ತು, ಅದಕ್ಕೇ ಇನ್ನಷ್ಟು ಅನುಮಾನ ಬಂತು. ತನ್ನ ಕೈಗೂ ಅಶ್ವಿನಿಯ ಕೈಗೂ ಒಂದು ಗೇಣು ಹಗ್ಗ ಕಟ್ಟಿಕೊಂಡು ಓಡುವುದಂತೆ. ದನ ಕಟ್ಟಿದ ಹಾಗೆ ಕಾಣುತ್ತದೆ ಅಂದೆ. ಅಶ್ವಿನಿಗೆ ಸಿಟ್ಟು ಬಂತು. ಆಮೇಲೆ ದಿನಾ ಬೆಳಿಗ್ಗೆ ಮೈದಾನಕ್ಕೆ ನಾನೂ ಹೋಗಿ ಕಟ್ಟೆಯ ಮೇಲೆ ಶಾಲು ಹೊದ್ದು ಕೂತೆ. ಮೊದಮೊದಲು ಹುಡುಗಿ ಎರಡು ಸಲ ಬಿದ್ದಳು. ಅಲಕಾ ಎತ್ತಲಿಲ್ಲ, ಏಳುವ ತನಕ ಪಕ್ಕದಲ್ಲಿ ನಿಂತಳು. ಅದೂ ನನಗೆ ಸರಿ ಕಾಣಲಿಲ್ಲ.

ನಿಜವಾದ ಭಯ ಬೇರೆಯೇ ಇತ್ತು. ಕಡೆಗೆ ಎಲ್ಲರೂ ನಿಧಾನ ಮಾಡಿ ನಮ್ಮ ಹುಡುಗಿಯನ್ನು ಮುಂದೆ ಬಿಟ್ಟು, ಚಪ್ಪಾಳೆ ತಟ್ಟಿ, ಕೊರಳಿಗೆ ಏನೋ ಹಾಕಿ ಕಳಿಸುತ್ತಾರೆ ಎಂದು. ಅವಳಿಗೆ ತಿಳಿಯದೆ ಇರುತ್ತದೆಯೇ? ಅಂಥ ಚಪ್ಪಾಳೆ ಕೇಳಿಸಿಕೊಂಡು ಬಂದ ದಿನವೆಲ್ಲ ಅವಳು ಊಟ ಬಿಟ್ಟಿದ್ದಾಳೆ.

ನಿನ್ನೆ ನಾನು ಮುಗಿಯುವ ಗೆರೆಯ ಹತ್ತಿರವೇ ನಿಂತೆ. ಗಾಲಿಕುರ್ಚಿಯವರು ಮೊದಲು ಬಂದರು, ಊರುಗೋಲಿನವರು, ಪೊಲೀಸರು, ನನ್ನ ವಯಸ್ಸಿನ ಮುದುಕರು ಕೂಡ ಬಂದರು. ಬಹಳ ಹೊತ್ತಾದ ಮೇಲೆ ಅಶ್ವಿನಿ ಕಂಡಳು. ಅವಳ ಮುಂದೆ ಒಬ್ಬ ಹುಡುಗಿ, ಕಣ್ಣು ಕಾಲು ಎಲ್ಲ ನೆಟ್ಟಗಿದ್ದವಳು, ಸುಸ್ತಾಗಿ ನಡೆಯುತ್ತಿದ್ದಳು. ತಿರುಗಿ ನೋಡಿ ಹಗ್ಗ ಕಂಡಳು. ಕ್ಯಾಮರಾದವರು ಎದ್ದು ನಿಂತರು. ಆಯಿತು, ಇನ್ನು ಇವಳು ನಿಂತು ದಾರಿ ಬಿಡುತ್ತಾಳೆ ಎಂದು ನಾನು ಹಲ್ಲು ಕಚ್ಚಿದೆ.

ಅವಳು ನಿಲ್ಲಲಿಲ್ಲ, ವೈಜನಾಥ. ಜೀವ ಕೈಯಲ್ಲಿ ಹಿಡಿದು ಓಡಿದಳು. ಆ ಕಾಲಿನ ಸಪ್ಪಳ ಕೇಳಿ ನಮ್ಮವಳೂ ಅಲಕಾಳನ್ನೇ ಎಳೆದುಕೊಂಡು ಓಡಿದಳು. ಒಂದು ಮಾರು ಅಂತರದಲ್ಲಿ ಸೋತಳು. ಆ ಹುಡುಗಿ, ರುಚಿತಾ ಎಂದು ಹೆಸರು, ಸೊಂಟ ಹಿಡಿದು ಏದುಸಿರು ಬಿಡುತ್ತ ಬಂದು, ನೀನು ಹಿಂದೆ ಬರುತ್ತಿದ್ದರೆ ಸೋಲುತ್ತೇನೆಂದು ನನಗೆ ಹೆದರಿಕೆಯಾಯಿತು ಎಂದು ಮರಾಠಿಯಲ್ಲಿ ಅಂದಳು. ಅಶ್ವಿನಿ ನಕ್ಕಳು. ಮನೆಗೆ ಬರುವ ತನಕ ನಗುತ್ತಲೇ ಇದ್ದಳು. ಬ್ಯಾನರ್ ಹಿಡಿದು ಫೋಟೋಕ್ಕೆ ಕರೆದವನಿಗೆ, ಗೆದ್ದಾಕಿನೂ ಕರೀರಿ ಅಂದಳು. ಅವನು ಹಾಗೇ ಹೋದ. ಅಲಕಾಳನ್ನು ನಿನ್ನೆ ಊಟಕ್ಕೆ ಕರೆದು ಜೋಳದ ರೊಟ್ಟಿ ಬಡಿದು ಹಾಕಿದ್ದೇನೆ. ಪೂರ್ತಿ ನಂಬಿದ್ದೇನೆ ಎಂದು ತಿಳಿಯಬೇಡ.

ಮೈ ಕಡೆ ನೋಡಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಪಾರ್ವತಿಬಾಯಿ

ತಾ.ಕ.: ಇಂಥದೇ ಓಟ ಮುಂದಿನ ತಿಂಗಳು ನಿಮ್ಮ ಸಂಭಾಜಿನಗರದಲ್ಲಿದೆ. ಹಗ್ಗ ಯಾರು ಹಿಡಿಯಬೇಕು ಎಂದು ಅಲಕಾ ಕೇಳಿದರೆ, ಅಶ್ವಿನಿ ‘ಅಪ್ಪ’ ಅಂದಳು. ರಾತ್ರಿ ನನ್ನ ಹತ್ತಿರ ಬಂದು, ‘ಬ್ಯಾಡ ಬಿಡು ಆಯಿ, ನನ್ನ ನೋಡಿದ್ರ ಅಪ್ಪಗ ತ್ರಾಸ ಆಗ್ತದ, ಅದಕ್ಕೇ ಬರಲ್ಲ’ ಅಂದಳು. ಇದನ್ನು ನಾನಾಗಲಿ ಭಾಗ್ಯಶ್ರೀಯಾಗಲಿ ಅವಳಿಗೆ ಹೇಳಿಲ್ಲ. ಮನೆಗೆ ಬಾ ಎಂದರೆ ಓವರ್‌ಟೈಮ್ ಎನ್ನುತ್ತೀ. ನಿಮ್ಮ ಕಂಪನಿಯಲ್ಲೇ ಇರುವ ನಮ್ಮ ಓಣಿಯ ಹುಡುಗ ಶ್ರೀಮಂತನನ್ನು ವಿಚಾರಿಸಿದ್ದೇನೆ, ದೀಪಾವಳಿಯಿಂದ ಅಲ್ಲಿ ಯಾರಿಗೂ ಓವರ್‌ಟೈಮ್ ಇಲ್ಲವಂತೆ. ಓಟದ ಹಿಂದಿನ ದಿನ ಅವಳನ್ನು ಕರೆದುಕೊಂಡು ಬಸ್ಸಿಗೆ ಬರುತ್ತೇನೆ. ಸ್ಟ್ಯಾಂಡಿಗೆ ಬಾ. ಚಪ್ಪಲಿ ಮೆಟ್ಟಿಕೊಂಡು ಬರಬೇಡ, ಓಡಲು ಬರುವಂಥ ಬೂಟು ತೊಗೋ.