ಗುಂಡಿ ಇಲ್ಲದ ಅಂಗಿಗಳು

ಅಮ್ಮಾ,

ನೀನು ಹೋಗಿ ವರ್ಷಗಳಾದವು, ಈ ಕಾಗದ ನಿನಗೆ ಮುಟ್ಟುವುದಿಲ್ಲ. ಆದರೂ ಇವತ್ತಿನ ಜಗಳವನ್ನು ನಿನಗೇ ಹೇಳಬೇಕು. ನಿನ್ನ ಕೀಲುವಾತ ನನಗೂ ಬಂದಿದೆ. ಬೆಳಿಗ್ಗೆ ಮಗುವಿಗೆ ಎದೆಹಾಲು ಕುಡಿಸಿ ಅದರ ಮಾತ್ರೆ ಕೈಗೆತ್ತಿಕೊಂಡೆ. ಅತ್ತೆ ಅಡ್ಡ ಬಂದರು.

"ಹಾಲಲ್ಲಿ ವಿಷ ಬೆರೆಸ್ತೀಯಾ? ನಿಮ್ಮಮ್ಮ ನಿನಗೋಸ್ಕರ ಮಾತ್ರೆ ಎಲ್ಲಾ ಬಿಸಾಕಿದ್ರಂತೆ. ತಾಯಿ ಅಂದ್ರೆ ಅವ್ರು!"

"ಮಗೂಗೆ ಆಗದಿರೋ ಮಾತ್ರೇನ ನಾನು ಬಸುರಿಯಾಗೋಕೆ ಮೊದಲೇ ಡಾಕ್ಟರು ಬಿಡಿಸಿದ್ರು ಅತ್ತೆ. ಇದನ್ನ ಹಾಲು ಕುಡಿಸುವಾಗ ತಗೋಬಹುದು ಅಂತ ಅವರೇ ಕೊಟ್ಟಿದ್ದು," ಎಂದು ಅವರೆದುರೇ ನುಂಗಿದೆ.

ನಿನ್ನನ್ನು ಎಲ್ಲರೂ ಹೊಗಳಿ ಅಟ್ಟಕ್ಕೇರಿಸುತ್ತಾರಮ್ಮ. ಯಾವುದನ್ನು ಬಿಡಬೇಕು, ಯಾವುದನ್ನು ನುಂಗಬಹುದು ಎಂದು ಡಾಕ್ಟರನ್ನು ಕೇಳಲು ಮಾತ್ರ ನಿನ್ನ ಜೊತೆ ಒಬ್ಬರೂ ಹೋಗಲಿಲ್ಲ. ಊರಿಗೆಲ್ಲ ಬಟ್ಟೆ ಹೊಲಿದ ನಿನ್ನ ಬೆರಳುಗಳು ಸೊಟ್ಟಗಾದವು. ನನ್ನ ಅಂಗಿಗಳಿಗೆ ನೀನು ಗುಂಡಿಯನ್ನೇ ಇಡಲಿಲ್ಲ, ಎಲ್ಲಕ್ಕೂ ಎಲಾಸ್ಟಿಕ್ಕು. ಅದೇ ಫ್ಯಾಷನ್ ಎನ್ನುತ್ತಿದ್ದೆ, ನಾನೂ ನಂಬಿದ್ದೆ.

ನನ್ನ ಮಗಳ ಅಂಗಿಗೆ ಬೇಕೆಂದೇ ಉದ್ದಕ್ಕೂ ಗುಂಡಿ ಇಡಿಸಿದ್ದೇನೆ. ಅದನ್ನು ಅವಳಿಗೆ ತೊಡಿಸಿ, ಅತ್ತೆ ನೋಡುತ್ತಿದ್ದಂತೆ ಒಂದೊಂದು ಗುಂಡಿಯನ್ನೂ ನನ್ನ ಬೆರಳುಗಳಿಂದಲೇ ಹಾಕಿದೆ.