ನಿಂಬೆಹುಳಿಗೆ ಹಳದಿಯಾಗದ ಕಲೆ

ಕೊಪ್ಪ
ಬುಧವಾರ, ೧೩ ಮಾರ್ಚ್ ೨೦೨೪

ಚಿ. ಸೌ. ಅರ್ಪಣಾಳಿಗೆ ಅಮ್ಮ ತಲೆ ಸವರಿ ಮಾಡುವ ಆಶೀರ್ವಾದ.

ಫೋನಿರುವ ಕಾಲದಲ್ಲಿ ಅಮ್ಮನಿಗೆ ಇದೆಂಥ ಕಾಗದದ ಹುಚ್ಚು ಅಂತ ನಗಬೇಡ ಮಾರಾಯ್ತಿ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳುತ್ತೀಯ, ಅರ್ಧ ಬಿಡುತ್ತೀಯ. ಪಕ್ಕದ ಮನೆ ಪ್ರೇಮಕ್ಕ ನಿಮ್ಮ ನರಸಿಂಹರಾಜಪುರಕ್ಕೆ ತಂಗಿಯ ಮನೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಕಾಗದವನ್ನೂ ಒಂದು ಡಬ್ಬ ಅಂಟುವಾಳದ ಪುಡಿಯನ್ನೂ ಕಳಿಸಿದ್ದೇನೆ. ಕಿರಣ್ ಅಷ್ಟು ಆಸೆಪಟ್ಟು ತಂದ ಕಾರ್ಪೆಟ್ಟಿಗೆ ಕಲೆಯಾಗಿದೆ, ಅವರಿಗೂ ಓದಿ ಹೇಳು. ಅತ್ತೆಗೆ ಎಷ್ಟು ಕಾಳಜಿ ಅಂತ ಅಳಿಯಂದಿರಿಗೂ ಗೊತ್ತಾಗಲಿ.

ಮದುವೆ ಛತ್ರದ ಜಮಖಾನ ತೊಳೆದೇ ನಿನ್ನನ್ನು ಓದಿಸಿದವಳು ನಾನು. ಪಾಯಸ, ಸಾರು, ಎಲೆಯಡಿಕೆ ಉಗುಳು, ನಾನು ಕಾಣದ ಕಲೆ ಇಲ್ಲ. ಮೊದಲನೆಯ ಮಾತು, ತಿಕ್ಕಬೇಡ. ಕಲೆ ಕಂಡ ಕೂಡಲೇ ಬ್ರಶ್ಶು ಹಿಡಿದು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ಅದು ಬುಡಕ್ಕಿಳಿದು ಕೂರುತ್ತದೆ. ಹಳೇ ಪಂಚೆಯ ತುಂಡು ಮಡಚಿ ಅಂಚಿನಿಂದ ನಡುವಿಗೆ ಒತ್ತುತ್ತಾ ಬಾ. ಕಾಫಿ ಚೆಲ್ಲಿದರೂ ಅಷ್ಟೇ. ಎಣ್ಣೆಯಾದರೆ ನೀರು ಸೋಕಿಸಬೇಡ, ಕಡಲೆಹಿಟ್ಟು ಉದುರಿಸಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಗುಡಿಸು. ಹಿತ್ತಲ ಗಿಡ ಮದ್ದಲ್ಲ ಅಂತ ಅಂಗಡಿಯ ಸ್ಪ್ರೇ ತಂದು ಸುರಿಯಬೇಡ, ಬಣ್ಣವೇ ಹೋದೀತು. ಇನ್ನು ನಮ್ಮ ಕಡೆಯವರಿಗೊಂದು ಕೆಟ್ಟ ಚಾಳಿ. ಹಂಡೆಯಲ್ಲಿ ಯಾವಾಗಲೂ ಬಿಸಿನೀರಿರುತ್ತದಲ್ಲ, ಏನು ಚೆಲ್ಲಿದರೂ ಅದನ್ನೇ ಒಂದು ಚೊಂಬು ತಂದು ಹೊಯ್ಯುವುದು. ಕೆಲವು ಕಲೆಗೆ ಬಿಸಿನೀರು ಹೊಯ್ದರೆ ಮುಗಿಯಿತು, ಜನ್ಮಕ್ಕೆ ಹೋಗುವುದಿಲ್ಲ.

ಅರಿಶಿನದ ಕಲೆ ಒಂದು ಥರಾ ಚೇಷ್ಟೆಯದು. ಸೋಪು ತಾಗಿದ ಕೂಡಲೇ ಕೆಂಪಾಗಿ ಹೆದರಿಸುತ್ತದೆ. ನಿಂಬೆಹುಳಿ ಹಿಂಡಿದರೆ ತಿರುಗಿ ಹಳದಿಯಾಗುತ್ತದೆ. ಆಮೇಲೆ ಬಿಸಿಲಿಗೆ ಹಾಕಿದರೆ ತಾನಾಗಿ ಮಾಸುತ್ತದೆ. ಯಾವ ಮದ್ದಿಗೂ ಬಗ್ಗದ್ದು ಚೊಗರು ಒಂದೇ. ಅಡಿಕೆ ಬೇಯಿಸಿ ಉಳಿದ ಆ ಕೆಂಪು ರಸ ಬಟ್ಟೆಗೆ ಬಿದ್ದರೆ ಬಟ್ಟೆ ಹರಿದರೂ ಬಣ್ಣ ಬಿಡದು. ನಮ್ಮ ಮನೆಯ ಜಮಖಾನವನ್ನೇ ನೋಡಿದ್ದೀಯಲ್ಲ. ಊರವರದ್ದೆಲ್ಲ ನೀಲಿ ಪಟ್ಟೆಯದು, ನಮ್ಮದೊಂದು ಕಾಫಿ ಡಿಕಾಕ್ಷನ್ ಬಣ್ಣದ್ದು ಅಂತ ನೀನು ಸ್ಕೂಲಿನಲ್ಲಿದ್ದಾಗ ಅಣಕಿಸುತ್ತಿದ್ದೆ. ಅಪ್ಪ ಚೊಗರಿನ ಕೊಡ ಬೀಳಿಸಿದರು ಅಂತ ಹೇಳಿದ್ದೆನಲ್ಲ.

ಅಂಟುವಾಳದ ಪುಡಿ ಕೆಳಗೆ ಗಂಟುಕಟ್ಟಿದೆ. ಡಬ್ಬದ ತಳದವರೆಗೆ ನೀನೇ ಕೈ ಹಾಕಿ ಕಲಸಿಕೋ, ಬೇರೆಯವರಿಗೆ ಕೊಡಬೇಡ.

ಇತಿ ನಿನ್ನ ಅಮ್ಮ,
ಮಾಲತಿ

---

ನನ್ನ ಕೂಸೇ,

ಮೇಲಿನ ಹಾಳೆ ಯಾರ ಕೈಗೆ ಸಿಕ್ಕರೂ ಚಿಂತೆಯಿಲ್ಲ, ಕಿರಣ ಓದಲಿ ಅಂತಲೇ ಬರೆದದ್ದು. ಡಬ್ಬದ ತಳದ ಈ ಹಾಳೆ ನಿನಗೊಬ್ಬಳಿಗೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಓದು.

ಭಾನುವಾರ ನೀನು ಫೋನು ಮಾಡಿ, ಅಮ್ಮಾ, ಕಾರ್ಪೆಟ್ಟಿಗೆ ಅರಿಶಿನ ಚೆಲ್ಲಿತು, ಸೋಪು ಹಾಕಿದ್ದಕ್ಕೆ ಕೆಂಪಾಯ್ತು, ಎಂತ ಮಾಡದು ಅಂದೆ. ಹಿಂದೆ ನಲ್ಲಿ ಸುರಿಯುತ್ತಿತ್ತು. ನಾನು ನಕ್ಕೆ. ಅಯ್ಯೋ ಪೆದ್ದಿ, ಒಂದು ನಿಂಬೆಹಣ್ಣು ಹಿಂಡು ಅಂದೆ. ಮರುದಿನ ಮತ್ತೆ ಮಾಡಿ, ಹಿಂಡಿದೆ ಅಮ್ಮ, ಹಾಂಗೇ ಇದೆ, ಕೆಂಪೇ ಇದೆ, ಬಿಸಿನೀರೂ ಹಾಕಿ ಆಯ್ತು ಅಂದೆ. ಅಷ್ಟರಲ್ಲಿ ಕಿರಣ ಫೋನು ಕಸಿದುಕೊಂಡು, ಬಿಡಿ ಅತ್ತೆ, ಹೋದ್ರೆ ಹೋಯ್ತು, ಹೊಸದು ತಂದ್ರಾಯ್ತು ಅಂದ. ಎಷ್ಟು ಬೆಣ್ಣೆಯಂಥ ದನಿ.

ಫೋನಿಟ್ಟ ಮೇಲೆ ನಾನು ಲೆಕ್ಕ ಹಾಕಿದೆ. ನಿಂಬೆಹುಳಿ ಬಿದ್ದ ಮೇಲೂ ಅರಿಶಿನ ಕೆಂಪಾಗಿಯೇ ಉಳಿದದ್ದನ್ನು ನಾನು ಇಷ್ಟು ವರ್ಷದಲ್ಲಿ ಒಂದು ದಿನವೂ ಕಂಡಿಲ್ಲ. ಹಾಗಾದರೆ ನಿನ್ನ ಕಾರ್ಪೆಟ್ಟಿನ ಮೇಲಿರುವುದು ಅರಿಶಿನ ಅಲ್ಲ. ಬಿಸಿನೀರು ಬಿದ್ದರೆ ಕಚ್ಚಿಕೊಳ್ಳುವ ಕೆಂಪು ಯಾವುದು ಅಂತ ನಾನು ಬರೆಯಬೇಕಾಗಿಲ್ಲ.

ಹೋದ ತಿಂಗಳು ಪ್ರೇಮಕ್ಕ ನಿನ್ನನ್ನು ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಳಂತೆ. ಹಣೆ ಮುಚ್ಚುವ ಹಾಗೆ ವೇಲು ಎಳೆದುಕೊಂಡಿದ್ದೆಯಂತೆ. ಕೇಳಿದರೆ ಬಾಗಿಲು ತಾಗ್ತು ಅಂದೆಯಂತೆ. ನಾನು ನಂಬಿದೆ. ನಂಬಿದರೆ ಸುಖ ಅಂತ ನಂಬಿದೆ, ಸಿಟ್ಟಾಗಬೇಡ. ಈಗ ಎರಡು ರಾತ್ರಿಯಿಂದ ದೀಪ ಹಾಕಿಕೊಂಡು ಕೂತಿದ್ದೇನೆ. ನನ್ನ ಮಗಳ ನೆತ್ತರಿನ ಕಲೆ ತೆಗೆಯುವ ಉಪಾಯವನ್ನು ನಾನೇ ನಗುತ್ತಾ ಹೇಳಿಕೊಟ್ಟೆನಲ್ಲ.

ಇನ್ನು ಆ ಕಲೆಯನ್ನು ಮುಟ್ಟಬೇಡ. ಒತ್ತಬೇಡ, ತೊಳೆಯಬೇಡ, ಮೇಲೆ ಟೀಪಾಯಿ ಎಳೆದು ಮುಚ್ಚಬೇಡ. ಫೋನಿನಲ್ಲಿ ಒಂದು ಫೋಟೋ ತೆಗೆದು ಪ್ರೇಮಕ್ಕನಿಗೆ ಕಳಿಸಿ, ನಿನ್ನ ಫೋನಿನಿಂದ ಅಳಿಸು. ನಾಳೆ ಕೇಳುವವರ ಮುಂದೆ ಅದು ಬೇಕಾಗುತ್ತದೆ. ಶುಕ್ರವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಪ್ರೇಮಕ್ಕ ನಿಮ್ಮ ಬೀದಿಯ ಕೊನೆಯಲ್ಲಿ ನಿಂತಿರುತ್ತಾಳೆ. ಮೈಮೇಲಿನ ಬಟ್ಟೆಯಲ್ಲೇ ಬಾ. ಇಬ್ಬರೂ ಶೆಟ್ಟಿಕೊಪ್ಪದ ಮೇಲೆ ಬರುವ ಬಸ್ಸು ಹತ್ತಿ ಬನ್ನಿ, ನಾನು ಇಲ್ಲಿ ಬಸ್‌ಸ್ಟ್ಯಾಂಡಿನಲ್ಲೇ ಕೂತಿರುತ್ತೇನೆ. ಜನ ಏನೆಂದಾರು ಅಂತ ಯೋಚಿಸಬೇಡ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಹೇಳುವವರು ಬಂದರೆ ಛತ್ರದ ಜಮಖಾನ ಬಡಿಯುವ ಕೋಲು ನನ್ನ ಹತ್ತಿರ ಇದೆ.

ನೀನು ಬರಲಿಕ್ಕಿಲ್ಲ ಅಂತಲೂ ನನಗೆ ಹೆದರಿಕೆ. ಅವನು ಅತ್ತು ಕಾಲು ಹಿಡಿದಾನು, ಇನ್ನು ಮೇಲೆ ಹೀಂಗೆ ಆಗದಿಲ್ಲ ಅಂದಾನು, ನೀನು ಕರಗುತ್ತೀಯ. ಕರಗಬೇಡ ಮಗಾ.

ಶುಕ್ರವಾರಕ್ಕೆ ಕಾಯುವ,
ಅಮ್ಮ

ಮರೆತೆ ಅಂದುಕೊಳ್ಳಬೇಡ, ಬರೆಯಲು ಧೈರ್ಯ ಬರಲಿಲ್ಲ. ಅಪ್ಪ ಚೊಗರಿನ ಕೊಡ ಬೀಳಿಸಲಿಲ್ಲ. ನೀನು ತೊಟ್ಟಿಲಲ್ಲಿದ್ದೆ. ಬೆಳಗಾಗುವವರೆಗೆ ಜಮಖಾನ ತೊಳೆದೆ, ಆ ಕೆಂಪು ಹೋಗಲಿಲ್ಲ. ಅಡಿಕೆ ಬೇಯಿಸುವವರ ಮನೆಯಿಂದ ಕೊಡದಲ್ಲಿ ಚೊಗರು ತಂದು ಇಡೀ ಜಮಖಾನವನ್ನು ಅದ್ದಿದೆ. ಒಂದು ಕಡೆ ಮಾತ್ರ ಕಾಣುವ ಬದಲು ಎಲ್ಲಾ ಕಡೆ ಒಂದೇ ಬಣ್ಣವಾಯಿತು. ನೀನು ಅದರ ಮೇಲೆ ಕೂತು ಮಗ್ಗಿ ಕಲಿತೆ. ಅಪ್ಪ ಹೋದಾಗ ಊರವರು ಅದರ ಮೇಲೇ ಕೂತು, ಸುಂದರೇಶ ದೇವರಂಥ ಮನುಷ್ಯ ಆಗಿದ್ದ ಅಂದರು, ನಾನೂ ಹೌದು ಅಂತ ತಲೆಯಾಡಿಸಿದೆ. ನನ್ನನ್ನು ಹೀಗೆ ಮನೆಗೆ ಕರೆಯುವವರು ಯಾರೂ ಇರಲಿಲ್ಲ ಕೂಸೇ. ಆ ಜಮಖಾನವನ್ನು ಇವತ್ತು ಮಡಚಿ ಹೊರಗೆ ಹಾಕಿದ್ದೇನೆ. ನಿನಗೆ ಮಲಗಲು ಹೊಸ ಚಾಪೆ ತಂದಿಟ್ಟಿದ್ದೇನೆ.