ಸುಲಿದ ಗೆಣಸು

ಮಿನ್ಯಾ, ಈಜಿಪ್ಟ್
ಡಿಸೆಂಬರ್ ೯, ೧೯೯೭

ಅಮ್ಮಾ, ನನ್ನ ಬಂಗಾರದ ಅಮ್ಮಾ,

ಮೊಣಕಾಲು ನೋವು ಹೇಗಿದೆ? ನಮ್ಮೂರು ಜಾಹ್ಲೆಯಲ್ಲಿ ಹಿಮ ಬೀಳಲು ಶುರುವಾಗಿರಬೇಕು, ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡ. ಇಳಿದೇ ಇಳಿಯುತ್ತೀಯ, ಗೊತ್ತು. ನಾನು ಚೆನ್ನಾಗಿದ್ದೇನೆ. ಇಲ್ಲಿ ಕ್ರಿಸ್ಮಸ್‌ಗೆ ಮುಂಚಿನ ಉಪವಾಸ ನಡೆದಿದೆ. ಹಾಲು, ಬೆಣ್ಣೆ, ಮಾಂಸ ಯಾವುದೂ ಇಲ್ಲ. ಹಾಗಾಗಿ ಪೂಜೆ ಬಿಟ್ಟ ಕೂಡಲೇ ಜನ ಚರ್ಚಿನ ಗೇಟಿನೆದುರು ಬೇಯಿಸಿದ ಕಾಳು, ಸುಟ್ಟ ಗೆಣಸಿನ ಗಾಡಿಗಳನ್ನು ಮುತ್ತಿಕೊಳ್ಳುತ್ತಾರೆ.

ಈ ಗಾಡಿಯವರಲ್ಲಿ ಗೆಣಸು ಮಾರುವ ಶಹಾತಾ ಎಂಬವನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಎಲ್ಲರೂ ಗೇಟಿನೆದುರು ನಿಂತರೆ ಇವನು ಯಾರೂ ಓಡಾಡದ ಹಿಂದಿನ ಗಲ್ಲಿಯಲ್ಲಿ, ನಮ್ಮ ಕಾನ್ವೆಂಟಿನ ಕಿಟಕಿಯ ಕೆಳಗೆ ನಿಲ್ಲುತ್ತಿದ್ದ. ಅಲ್ಲೇನು ವ್ಯಾಪಾರ? ಮೇಲಿನ ಕೋಣೆಯಲ್ಲಿ ಇರುವವರು ಸಿಸ್ಟರ್ ಬೆನೆದೆತ್ತಾ. ಈ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಆ ಇಟಲಿಯ ಮುದುಕಿಗೆ ಈಗ ನಾನು ಯಾರೆಂದೂ ನೆನಪಿಲ್ಲ. ಇಲ್ಲಿಯ ಹೆಂಗಸರಂತೆ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವುದನ್ನು ಮಾತ್ರ ಮರೆತಿಲ್ಲ. ಅವನು ಕೆಳಗಿನಿಂದ "ಬೆನೆದೆತ್ತಮ್ಮಾ, ಎದ್ರಾ ಚೆಲುವೆ?" ಎಂದು ಕೂಗುತ್ತಿದ್ದ. ಕನ್ಯಾಸ್ತ್ರೀಗೆ! ಬುಟ್ಟಿ ಇಳಿಯುತ್ತಿತ್ತು, ಗೆಣಸು ಏರುತ್ತಿತ್ತು. ಅದೂ ಸುಲಿದು, ಹಿಸುಕಿ. ಸುಟ್ಟ ಗೆಣಸನ್ನು ಯಾರಾದರೂ ಸುಲಿದು ಮಾರುತ್ತಾರೆಯೇ ಅಮ್ಮಾ? ಸಿಪ್ಪೆಯಿದ್ದರಲ್ಲವೇ ಬಿಸಿ ಉಳಿಯುವುದು? ಒಳಗೇನೋ ಬೆರೆಸಿರಬೇಕು, ಇಲ್ಲವೇ ಕಾನ್ವೆಂಟಿಗೆ ಬಂದುಹೋಗುವವರ ಸುದ್ದಿಯನ್ನು ಎಲ್ಲಿಗೋ ಮುಟ್ಟಿಸುತ್ತಿರಬೇಕು ಎಂದುಕೊಂಡೆ. ಚರ್ಚುಗಳ ಮೇಲೆ ದಾಳಿಯಾಗುತ್ತಿರುವ ಈಗಿನ ಕಾಲವೇ ಹಾಗಿದೆ. ಕಾವಲುಗಾರ ಬುಶ್ರಾನಿಗೆ ಹೇಳಿ ಅವನನ್ನು ಓಡಿಸಿದೆ. ಬುಟ್ಟಿಯನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅಂದಿನಿಂದ ಬೆನೆದೆತ್ತಾ ಊಟ ಬಿಟ್ಟರು. ಸೂಪು ಹಿಡಿದರೆ ತುಟಿ ಬಿಗಿಯುತ್ತಾರೆ. ಹೀಗೇ ಆದರೆ ಹಬ್ಬದವರೆಗೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಆಗಲೂ ನನ್ನ ತಲೆಗೆ ಹೊಳೆದದ್ದು ಒಂದೇ, ಆ ಗೆಣಸಿನಲ್ಲಿ ಎಂಥ ಅಮಲು ಹಾಕಿದ್ದನೋ ಎಂದು! ಅವನು ಈಗ ನೈಲ್ ದಂಡೆಯಲ್ಲಿ ನಿಲ್ಲುತ್ತಾನೆಂದು ಬುಶ್ರಾ ಹೇಳಿದ. ನಿನ್ನೆ ಅಲ್ಲಿಗೇ ಹೋಗಿ, ಏನು ಬೆರೆಸುತ್ತಿದ್ದೆ ಎಂದು ಕೇಳಿಯೇಬಿಟ್ಟೆ.

"ಏನೂ ಇಲ್ಲ ಸಿಸ್ಟರಮ್ಮ. ಒಂದಿನ ಬುಟ್ಟೀಲಿ ಅಜ್ಜೀದು ಹಲ್ಲಿನ ಸೆಟ್ಟೇ ಇಳೀತು. ತೊಳೆದು, ಕಾಗದದಲ್ಲಿ ಸುತ್ತಿ ಮೇಲಕ್ಕೆ ಕಳಿಸ್ದೆ. ಮಾರನೇ ದಿನ ಮತ್ತೆ ಅದೇ ಇಳೀತು! ಹಲ್ಲು ಹಾಕ್ಕೊಳ್ಳಲ್ಲ ಅನ್ನೋರಿಗೆ ಸಿಪ್ಪೆ ಸಮೇತ ಕೊಡಕ್ಕಾಗತ್ತಾ?" ಎಂದ. ಸರಿ, ಆ ಕೂಗಾಟ ಯಾಕೆ ಎಂದೆ. "ಹೆಸರು ಕೂಗದಿದ್ರೆ ಅವರು ತಿನ್ನಲ್ಲ. ಯಾಕೆ, ನೀವ್ಯಾರೂ ಕೂಗಲ್ವಾ?"

ಕೂರಿಸಿ, ಮಲಗಿಸಿ, ಮಾತ್ರೆ ಕೊಡಿ ಎಂದು ಅವರ ಎದುರೇ, ಅವರು ಅಲ್ಲಿಲ್ಲವೆಂಬಂತೆ ನಾವು ಮಾತಾಡಿಕೊಳ್ಳುತ್ತೇವೆ. ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ನಾಳೆ ಬಾ ಎಂದೆ, ತುಂಬಾ ನಾಚಿಕೆಯಾಯಿತು. "ಬರ್ತೀನಿ. ಬುಶ್ರಾನಿಗೆ ಹೇಳಿಡಿ, ಒಂದೊಂದು ಗೆಣಸನ್ನೂ ಬಿಡಿಸಿ ನೋಡ್ಲಿ" ಎಂದು ಚುಚ್ಚಿದ.

ಈ ಬೆಳಿಗ್ಗೆ ಬಂದ, ಕೂಗಿದ. ಬೆನೆದೆತ್ತಾ ಎದ್ದು ಕೂತು ಬುಟ್ಟಿ ಎಲ್ಲಿ ಎಂದರು. ಬೀರುವಿನ ಬೀಗ ತೆಗೆದು ಕೊಟ್ಟೆ. ಅವರಿಗೆ ತಿನ್ನಿಸುವ ಮುಂಚೆ ಒಂದು ತುತ್ತು ನಾನೇ ತಿಂದು ನೋಡಿದೆ. ಹುಟ್ಟುಗುಣ, ಏನು ಮಾಡಲಿ! ಬರೀ ಗೆಣಸು.

ಮರಿಯಮ್ಮನವರು ನಿನ್ನನ್ನು ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ
ನುಹಾದ್

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ದಿನಾ ಸಂಜೆ ಕಾಫಿ ಹಿಡಿದು ಬರುವ ಪಕ್ಕದ ಮನೆಯ ಜುರ್ಜಿ ನಿನ್ನ ಮನೆಯ ಮೇಲೆ ಕಣ್ಣಿಟ್ಟಿದ್ದಾನೆ, ಒಳಗೆ ಬಿಡಬೇಡ ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಅಪ್ಪ ಹೋದಮೇಲೆ ನಿನ್ನನ್ನು ಹೆಸರು ಹಿಡಿದು ಕರೆಯುವವನು ಅವನೊಬ್ಬನೇ. ಬಾಗಿಲು ತೆಗಿ ಅಮ್ಮಾ.